ಮಾತು ತಡವಾದರೆ ಕನ್ನಡ ಬಿಡಬೇಕೆ?

ಪ್ರಶ್ನೆ: ನಾವು ಗುಂಡ್ಲುಪೇಟೆಯವರು, ಈಗ ಜರ್ಮನಿಯಲ್ಲಿದ್ದೇವೆ. ಎರಡೂವರೆ ವರ್ಷದ ಮಗ ಹತ್ತಾರು ಬಿಡಿ ಪದಗಳನ್ನಷ್ಟೇ ಆಡುತ್ತಾನೆ. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಪರಿಚಿತರು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಕನ್ನಡ ನಿಲ್ಲಿಸಬೇಡಿ. ಎರಡು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುವುದಿಲ್ಲ. ಆದರೆ ‘ತಾನಾಗಿ ಬರುತ್ತದೆ’ ಎಂದು ಕಾಯುವುದೂ ಸರಿಯಲ್ಲ. ಎರಡು ವರ್ಷಕ್ಕೆ ಸುಮಾರು 50 ಪದ ಬರಬೇಕು, ‘ಅಮ್ಮ ಬಾ’ ಎಂಬಂತೆ ಪದ ಜೋಡಿಸಬೇಕು. ಎರಡೂ ಭಾಷೆಯ ಪದಗಳನ್ನು ಸೇರಿಸಿ ಪಟ್ಟಿ ಮಾಡಿ.

ಮೊದಲು ಅಲ್ಲಿನ ಮಕ್ಕಳ ವೈದ್ಯರಿಗೆ ಪಟ್ಟಿ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯೊಳಗೆ ದ್ರವ ನಿಂತು ಕೇಳಿಸುವುದು ಕಡಿಮೆಯಾಗಬಹುದು. ಬಳಿಕ ವಾಕ್ ತಜ್ಞರನ್ನು ಕಾಣಿ.

ಸದ್ಯದಲ್ಲೇ ಊರಿಗೆ ಬರುವುದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೂ ತಪಾಸಣೆ ಮಾಡಿಸಿ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಸುಮಾರು 60 ಕಿ.ಮೀ.

ಮನೆಯಲ್ಲಿ ಮೊಬೈಲ್ ಬದಿಗಿಡಿ. ಅವನು ‘ಹಾಲು’ ಎಂದರೆ ‘ಬಿಸಿ ಹಾಲು ಬೇಕಾ?’ ಎಂದು ಬೆಳೆಸಿ, ಉತ್ತರಕ್ಕೆ ಕಾಯಿರಿ. ಅಜ್ಜಿಯ ವಿಡಿಯೊ ಕರೆ ತಪ್ಪಿಸಬೇಡಿ.

ಹೆಸರು ಕರೆದರೂ ತಿರುಗದಿದ್ದರೆ, ಬೇಕಾದ್ದನ್ನು ಬೆರಳಿಟ್ಟು ತೋರಿಸದಿದ್ದರೆ ಅಥವಾ ಆಡುತ್ತಿದ್ದ ಮಾತು ನಿಂತರೆ ರಜೆಗೆ ಕಾಯದೆ ಈ ವಾರವೇ ವೈದ್ಯರ ಬಳಿ ಹೋಗಿ.