ಗುಡ್ಡದ ನೀರನ್ನು ಉಳಿಸೋಣ

ಕಾಸರಗೋಡಿನ ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಗಳಲ್ಲಿ, ಒಬ್ಬ ಮನುಷ್ಯ ನಡೆದುಹೋಗುವಷ್ಟು ಅಗಲದ ಸುರಂಗಗಳನ್ನು ಅಡ್ಡವಾಗಿ ಕೊರೆದರು. ಗುಡ್ಡಕ್ಕೆ ಇಂಗಿದ ಮಳೆನೀರು ಅದರೊಳಗೆ ಒಸರಿ, ತಾನಾಗಿ ಹರಿದು ಮನೆ, ತೋಟಗಳನ್ನು ಸೇರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಬಾಯಾರಿನಂತಹ ಊರುಗಳಲ್ಲಿ ಇಂದಿಗೂ ಇವನ್ನು ಕಾಣಬಹುದು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಆದರೂ ಬೇಸಗೆಯಲ್ಲಿ ನೀರಿಗೆ ತತ್ವಾರ! ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಸಮುದ್ರ ಸೇರುವುದೇ ಇದಕ್ಕೆ ಕಾರಣ. ಕಲ್ಲಿದ್ದಲು, ಪೆಟ್ರೋಲು ಉರಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡು ಭೂಮಿಯ ತಾಪವನ್ನು ಏರಿಸುತ್ತಿದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆಗ ಮಳೆ ಒಮ್ಮೆಗೇ ರಭಸದಿಂದ ಸುರಿಯುತ್ತದೆ. ಇಂಗಲು ಸಮಯ ಸಿಗುವುದಿಲ್ಲ. ಇತ್ತ ಕೊಳವೆಬಾವಿಗಳು ಹೆಚ್ಚಿದರೆ ಅಂತರ್ಜಲ ತಗ್ಗಿ ಸುರಂಗಗಳೂ ಬತ್ತುತ್ತವೆ. ಆಳದ ನೀರೆತ್ತಲು ಮತ್ತಷ್ಟು ವಿದ್ಯುತ್ತು ಬೇಕು. ಅದಕ್ಕಾಗಿ ಮತ್ತೆ ಕಲ್ಲಿದ್ದಲು ಉರಿಯಬೇಕು.

ವಿದ್ಯಾರ್ಥಿಗಳಾದ ನಾವೇನು ಮಾಡಬಹುದು? ಮೊದಲು ಲೆಕ್ಕ ಹಾಕೋಣ. 1 ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು 3 ಲಕ್ಷ ಲೀಟರ್! ಅದರಲ್ಲಿ ಸ್ವಲ್ಪವನ್ನಾದರೂ ಅಂಗಳದ ಇಂಗುಗುಂಡಿಗೆ ತಿರುಗಿಸುವಂತೆ ಹೆತ್ತವರನ್ನು ಕೇಳೋಣ. ಕಡಿದಾದ ಗುಡ್ಡದ ಬದಿಯಲ್ಲಿ ಮಾತ್ರ ಗುಂಡಿ ಬೇಡ, ಮಣ್ಣು ಕುಸಿದೀತು. ತರಗೆಲೆಯನ್ನು ಸುಡದೆ ಗಿಡಗಳ ಬುಡಕ್ಕೆ ಹಾಕೋಣ. ಸಮಾರಂಭಗಳಲ್ಲಿ ಪ್ಲಾಸ್ಟಿಕ್ಕಿನ ಬದಲು ಅಡಿಕೆ ಹಾಳೆಯ ತಟ್ಟೆ ಬಳಸೋಣ. ತೊಟ್ಟಿ ತುಂಬಿದೊಡನೆ ಪಂಪು ನಿಲ್ಲಿಸೋಣ.

ಹಿರಿಯರು ಬೆವರು ಸುರಿಸಿ ಕೊರೆದ ಸುರಂಗಗಳು ನಮ್ಮ ಕಾಲದಲ್ಲಿ ಬತ್ತದಿರಲಿ.