ಮೂರು ಡಿಗ್ರಿ ಇಳಿಜಾರಿನ ಪಾರ್ಕು

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಹುಲ್ಲುಹಾಸು, ಚೆಂದವಾಗಿ ಕತ್ತರಿಸಿದ ಬೇಲಿಗಿಡ, ನಡುವೆ ಒಂದು ಕಾರಂಜಿ. ಕಟ್ಟಡದ ಕೆಲಸವೆಲ್ಲ ಮುಗಿದ ಮೇಲೆ ದುಡ್ಡು ಉಳಿದರೆ ಮಾಡುವ ಅಲಂಕಾರ ಅದು ಅನ್ನೋ ಭಾವನೆ. ಆದರೆ ಇವತ್ತು ಈ ಕ್ಷೇತ್ರದಲ್ಲಿ ಹೆಸರು ಮಾಡಿರುವ ಹಲವರ ಕೆಲಸ ಶುರುವಾಗುವುದು ಗಿಡಗಳಿಂದಲ್ಲ; ಕಾಂಟೂರ್ ಗೆರೆ, ಲೆವೆಲ್ ಮತ್ತು ನೀರು ಹರಿಯುವ ದಿಕ್ಕಿನಿಂದ. ಅಂದ್ರೆ ಸರ್ವೇಯಿಂಗ್, ಹೈಡ್ರಾಲಜಿ ಪಾಠಗಳಲ್ಲಿ ಬರುವ ವಿಷಯವೇ. ಬ್ಯಾಂಕಾಕ್‌ನ ಒಂದು ಪಾರ್ಕನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಅರ್ಥ ಮಾಡಿಕೊಳ್ಳೋಣ.

ಮೊದಲು ಒಂದು ಸಣ್ಣ ಲೆಕ್ಕ

ಮಳೆನೀರು ಎಷ್ಟು ವೇಗದಲ್ಲಿ ಹರಿದು ಬರುತ್ತದೆ ಎಂದು ಅಂದಾಜು ಮಾಡಲು ರ‍್ಯಾಷನಲ್ ಫಾರ್ಮುಲಾ ಇದೆ. ಸಿವಿಲ್‌ನವರಿಗೆ ಇದು ಗೊತ್ತು, ಉಳಿದವರಿಗಾಗಿ ಹೇಳ್ತೀನಿ:

ಹರಿವು = ಹರಿವಿನ ಗುಣಾಂಕ × ಮಳೆಯ ತೀವ್ರತೆ × ವಿಸ್ತೀರ್ಣ

ಬಿದ್ದ ಮಳೆಯಲ್ಲಿ ಎಷ್ಟು ಪಾಲು ಇಂಗದೆ ಹರಿದುಹೋಗುತ್ತದೆ ಅನ್ನುವುದನ್ನು ಗುಣಾಂಕ ಹೇಳುತ್ತದೆ. ಕಾಂಕ್ರೀಟಿಗೆ ಅದು ಸುಮಾರು 0.9. ಗಿಡ-ಹುಲ್ಲು ಇರುವ ನೆಲಕ್ಕೆ 0.3 ಎಂದು ಇಟ್ಟುಕೊಳ್ಳೋಣ.

ಈಗ 1 ಹೆಕ್ಟೇರ್ ಅಂದರೆ 10,000 ಚದರ ಮೀಟರ್ ಪಾರ್ಕಿಂಗ್ ಜಾಗದ ಮೇಲೆ ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಬೀಳುತ್ತಿದೆ ಅನ್ನಿ. ಕಾಂಕ್ರೀಟ್ ಆಗಿದ್ದರೆ ಸೆಕೆಂಡಿಗೆ 150 ಲೀಟರ್ ನೀರು ಹರಿದು ಬರುತ್ತದೆ. ಅದೇ ಜಾಗ ಹುಲ್ಲುನೆಲವಾಗಿದ್ದರೆ 50 ಲೀಟರ್. 6,000 ಲೀಟರಿನ ಒಂದು ಟ್ಯಾಂಕರ್ ಮೊದಲನೆಯದರಲ್ಲಿ 40 ಸೆಕೆಂಡಿಗೆ ತುಂಬುತ್ತದೆ, ಎರಡನೆಯದರಲ್ಲಿ 2 ನಿಮಿಷ ಬೇಕು. ಮಳೆ ಅದೇ, ಜಾಗ ಅದೇ. ಬದಲಾಗಿದ್ದು ನೆಲದ ಮೈ ಮಾತ್ರ.

ಹರಿವು ಮೂರು ಪಟ್ಟಾದರೆ ಚರಂಡಿಯನ್ನೂ ಮೂರು ಪಟ್ಟು ದೊಡ್ಡದು ಮಾಡಿದರಾಯ್ತಲ್ವಾ ಅಂತ ಕೇಳಬಹುದು. ಮಾಡಬಹುದು. ಆದರೆ ಆ ನೀರು ಅಷ್ಟೇ ಬೇಗ ಕೆಳಗಿನ ಬಡಾವಣೆಗೆ ಹೋಗಿ ನಿಲ್ಲುತ್ತದೆ. ನಮ್ಮ ಸಮಸ್ಯೆ ಅಲ್ಲಿಯವರ ಮನೆ ಬಾಗಿಲಿಗೆ ಹೋಯಿತೇ ಹೊರತು ಮುಗಿಯಲಿಲ್ಲ.

ಬ್ಯಾಂಕಾಕ್‌ನ ಕಷ್ಟ

ಬ್ಯಾಂಕಾಕ್ ಇರುವುದು ಚಾವೊ ಫ್ರಾಯಾ ನದಿಯ ಮುಖಜಭೂಮಿಯಲ್ಲಿ. ನೆಲ ಸಪಾಟು, ಸಮುದ್ರಮಟ್ಟದಿಂದ ಎತ್ತರ ಸರಾಸರಿ ಒಂದೂವರೆ ಮೀಟರ್ ಆಸುಪಾಸು. ಒಂದು ಕಾಲಕ್ಕೆ ಊರ ತುಂಬ ಕಾಲುವೆಗಳಿದ್ದವು. ಬರಬರುತ್ತಾ ಅವುಗಳಲ್ಲಿ ಎಷ್ಟನ್ನೋ ಮುಚ್ಚಿ ರಸ್ತೆ ಮಾಡಿದರು. ಅಂತರ್ಜಲ ಎತ್ತಿದ್ದರಿಂದ ನೆಲವೂ ಕುಸಿಯುತ್ತಾ ಬಂತು. 2011ರಲ್ಲಿ ಥಾಯ್ಲೆಂಡಿನಲ್ಲಿ ಬಂದ ಪ್ರವಾಹದಲ್ಲಿ 800ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟರು. ಮನೆ ಬಿಟ್ಟವರಲ್ಲಿ ಕೊಚ್ಚಕೊರ್ನ್ ವೊರಾಖೊಮ್ ಅವರ ಕುಟುಂಬವೂ ಇತ್ತು.

ಅವರು ಬ್ಯಾಂಕಾಕ್‌ನವರೇ ಆದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಮತ್ತು ಹಾರ್ವರ್ಡ್‌ನಲ್ಲಿ ಓದಿದವರು. 'ಲ್ಯಾಂಡ್‌ಪ್ರೋಸೆಸ್' ಅವರ ಸಂಸ್ಥೆ. 1917ರಲ್ಲಿ ಶುರುವಾದ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯ ತನ್ನ ನೂರನೇ ವರ್ಷಕ್ಕೆ ಊರ ನಡುವೆ 11 ಎಕರೆ ಜಾಗವನ್ನು ಪಾರ್ಕಿಗೆ ಬಿಟ್ಟುಕೊಟ್ಟಿತು. ಮಾಲ್ ಕಟ್ಟಿದ್ದರೆ ಕೈತುಂಬ ಬಾಡಿಗೆ ಬರುತ್ತಿದ್ದ ದುಬಾರಿ ಜಾಗ ಅದು. ವೊರಾಖೊಮ್ ವಿನ್ಯಾಸ ಮಾಡಿದ ಈ ಶತಮಾನೋತ್ಸವ ಪಾರ್ಕು 2017ರಲ್ಲಿ ತೆರೆಯಿತು.

ಪಾರ್ಕು ಕೆಲಸ ಮಾಡುವ ಬಗೆ

ಇಡೀ ಪಾರ್ಕಿನ ಗುಟ್ಟು ಒಂದೇ: ಅದು ಒಂದು ಕಡೆಗೆ ಸುಮಾರು 3 ಡಿಗ್ರಿ ವಾಲಿಕೊಂಡಿದೆ. 3 ಡಿಗ್ರಿ ಅಂದ್ರೆ ಪ್ರತಿ 100 ಮೀಟರಿಗೆ 5.2 ಮೀಟರ್ ಇಳಿತ. ಸಪಾಟು ಊರಿನಲ್ಲಿ ಈ ಇಳಿಜಾರು ತಾನಾಗಿ ಸಿಗುವುದಿಲ್ಲ, ಕಟ್ಟಬೇಕು. ಹಾಗಾಗಿ ಎತ್ತರದ ತುದಿಯಲ್ಲಿ ಒಂದು ಕಟ್ಟಡ ಕಟ್ಟಿ, ಅದರ ಇಳಿಜಾರು ಛಾವಣಿಯ ಮೇಲೆ ಮಣ್ಣು ಹಾಕಿ ಹುಲ್ಲು-ಗಿಡ ಬೆಳೆಸಿದ್ದಾರೆ. ಅಲ್ಲಿಂದ ನೀರಿನ ದಾರಿ ಹೀಗಿದೆ:

1. ಛಾವಣಿ: ಮಣ್ಣು ಒಂದಷ್ಟು ಮಳೆಯನ್ನು ಹೀರಿಕೊಳ್ಳುತ್ತದೆ. ಇಲ್ಲಿ ಸಂಗ್ರಹವಾದ ನೀರು ಮಳೆ ಇಲ್ಲದ ದಿನಗಳಲ್ಲಿ ಗಿಡಗಳಿಗೆ ಆಗುತ್ತದೆ.

2. ಪಕ್ಕದ ಜೌಗುಗಳು: ಉಳಿದ ನೀರು ಎರಡೂ ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇರುವ ಜೌಗುಕುಂಡಗಳಿಗೆ ಇಳಿಯುತ್ತದೆ. ಒಂದು ಕೆರೆ ತುಂಬಿ, ಕೋಡಿ ಬಿದ್ದು, ಮುಂದಿನ ಕೆರೆಗೆ ನೀರು ಹೋಗುವುದನ್ನು ನೋಡಿದವರಿಗೆ ಈ ಏರ್ಪಾಡು ಹೊಸದೆನಿಸದು. ನೀರಿನ ವೇಗ ಇಲ್ಲಿ ತಗ್ಗುತ್ತದೆ, ಹೂಳು ಕೆಳಗೆ ಕೂರುತ್ತದೆ, ಜಲಸಸ್ಯಗಳು ಕೊಳೆಯನ್ನು ಕಡಿಮೆ ಮಾಡುತ್ತವೆ.

3. ನಡುವಿನ ಹುಲ್ಲುಹಾಸು: ಬೇರೆ ದಿನ ಜನ ಕೂರುವ ಜಾಗ, ಜೋರು ಮಳೆಯಲ್ಲಿ ನೀರು ತಂಗುವ ಜಾಗ. ಹೀಗೆ ಮಳೆ ನಿಂತ ಮೇಲೆ ಖಾಲಿಯಾಗುವುದಕ್ಕೆ ಡಿಟೆನ್ಷನ್ ಅಂತಾರೆ.

4. ತಗ್ಗಿನ ಕೊಳ: ಇದರಲ್ಲಿ ಸದಾ ನೀರಿರುತ್ತದೆ, ಹಾಗಾಗಿ ಇದು ರಿಟೆನ್ಷನ್. ದೊಡ್ಡ ಮಳೆ ಬಂದಾಗ ಹರಡಿಕೊಳ್ಳಲು ಸುತ್ತ ಜಾಗ ಬಿಟ್ಟಿದ್ದಾರೆ. ದಡದಲ್ಲಿ ನಿಂತಲ್ಲೇ ತುಳಿಯುವ ಸೈಕಲ್‌ಗಳಿವೆ. ತುಳಿದರೆ ವ್ಯಾಯಾಮವೂ ಆಯ್ತು, ನೀರಿಗೆ ಆಮ್ಲಜನಕ ಬೆರೆತಂತೆಯೂ ಆಯ್ತು.

ಇಷ್ಟು ದೂರ ನೀರನ್ನು ಸಾಗಿಸಲು ಇಳಿಜಾರೇ ಸಾಕು.

ಎಷ್ಟು ನೀರು ಹಿಡಿಯುತ್ತದೆ?

ಪಾರ್ಕಿನ ಸಾಮರ್ಥ್ಯ ಸುಮಾರು 10 ಲಕ್ಷ ಗ್ಯಾಲನ್, ಅಂದರೆ 3,785 ಘನ ಮೀಟರ್. 11 ಎಕರೆ ಎಂದರೆ ಸುಮಾರು 44,500 ಚದರ ಮೀಟರ್. ಭಾಗಿಸಿ ನೋಡಿ, 0.085 ಮೀಟರ್ ಬರುತ್ತದೆ. ತನ್ನ ಮೇಲೆ ಬಿದ್ದ 85 ಮಿ.ಮೀ. ಮಳೆಯನ್ನು ಹನಿಯೂ ಹೊರಗೆ ಬಿಡದೆ ಈ ಪಾರ್ಕು ಹಿಡಿದುಕೊಳ್ಳಬಲ್ಲದು ಎಂದಾಯಿತು.

ಆದರೆ ಬ್ಯಾಂಕಾಕ್‌ನ ವಿಸ್ತೀರ್ಣ 1,500 ಚದರ ಕಿಲೋಮೀಟರಿಗೂ ಹೆಚ್ಚು. ಅದರ ಮುಂದೆ 11 ಎಕರೆ ಲೆಕ್ಕಕ್ಕೇ ಇಲ್ಲ. ಒಂದು ಪಾರ್ಕು ಊರನ್ನು ಉಳಿಸುವುದಿಲ್ಲ. ಪ್ರತಿ ಜಾಗವೂ ತನ್ನ ಮಳೆಯನ್ನು ತಾನು ಸ್ವಲ್ಪ ಹೊತ್ತಾದರೂ ಹಿಡಿದುಕೊಂಡರೆ ಮಾತ್ರ ಊರಿಗೆ ಪ್ರಯೋಜನ.

ಸ್ಪಂಜಿನಂಥ ನಗರ

ಇದೇ ಮಾತನ್ನು ಇಡೀ ನಗರದ ಮಟ್ಟದಲ್ಲಿ ಹೇಳಿದವರು ಚೀನಾದ ಕೊಂಗ್‌ಜಿಯಾನ್ ಯು. ಝೆಜಿಯಾಂಗ್ ಪ್ರಾಂತ್ಯದ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಹುಟ್ಟಿ, 1995ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದು, 1998ರಲ್ಲಿ 'ಟುರೆನ್‌ಸ್ಕೇಪ್' ಸಂಸ್ಥೆ ಕಟ್ಟಿದರು. ಅವರ ಸೂತ್ರ ಮೂರು ಮಾತಿನದು: ಬಿದ್ದಲ್ಲೇ ನೀರನ್ನು ಹಿಡಿ, ಹರಿಯುವಾಗ ನಿಧಾನ ಮಾಡು, ಕೊನೆಯಲ್ಲಿ ಅದಕ್ಕೆ ಜಾಗ ಬಿಡು. 2015ರಲ್ಲಿ ಚೀನಾ ಸರ್ಕಾರ 16 ನಗರಗಳಲ್ಲಿ 'ಸ್ಪಂಜ್ ಸಿಟಿ' ಯೋಜನೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತು.

ಬ್ಯಾಂಕಾಕ್‌ನಲ್ಲೇ ಅವರ ಕೆಲಸವೂ ಇದೆ. ಹಳೆಯ ತಂಬಾಕು ಕಾರ್ಖಾನೆಯ ಜಾಗದಲ್ಲಿ ಎದ್ದ ಬೆಂಜಕಿಟ್ಟಿ ಅರಣ್ಯ ಪಾರ್ಕು 2022ರಲ್ಲಿ ತೆರೆಯಿತು. ಅಲ್ಲಿ ಕೊಳ ತೋಡಿದ ಮಣ್ಣಿನಲ್ಲೇ ನೂರಾರು ಸಣ್ಣ ದ್ವೀಪಗಳನ್ನು ಮಾಡಿ ಗಿಡ ನೆಟ್ಟಿದ್ದಾರೆ. ನಾವು ರಸ್ತೆ ಕೆಲಸದಲ್ಲಿ ಓದುವ ಕಟ್ ಅಂಡ್ ಫಿಲ್ ಇದೇ.

ಈ ವಿಧಾನಕ್ಕೂ ಮಿತಿ ಇದೆ. ಸ್ಪಂಜ್ ಸಿಟಿ ಕೆಲಸ ನಡೆದಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿಯಿತು. ಊರು ಮುಳುಗಿತು, ಮೆಟ್ರೋ ಸುರಂಗಕ್ಕೂ ನೀರು ನುಗ್ಗಿ ಜನ ಸತ್ತರು. ಸ್ಪಂಜು ಹೀರಿಕೊಳ್ಳುವುದಕ್ಕೂ ಒಂದು ಲೆಕ್ಕ ಇದ್ದೇ ಇರುತ್ತದೆ. ಆದ್ದರಿಂದ ಚರಂಡಿ, ಪಂಪು, ಮುನ್ನೆಚ್ಚರಿಕೆ ಇವು ಯಾವುವನ್ನೂ ಬಿಡುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ಪಂಟನಾಲ್ ಜೌಗುಪ್ರದೇಶದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಯು ತೀರಿಕೊಂಡರು.

ನಮ್ಮ ಪಾಲಿನ ಕೆಲಸ

ಮುಂದೆ ನಮ್ಮಲ್ಲಿ ಯಾರೋ ಒಬ್ಬರು ಲೇಔಟಿನ ಲೆವೆಲ್ ನಿಗದಿ ಮಾಡುತ್ತಾರೆ, ಇನ್ನೊಬ್ಬರು ಪಾರ್ಕಿಂಗ್‌ಗೆ ಕಾಂಕ್ರೀಟೋ ನೀರು ಇಂಗುವ ಬ್ಲಾಕೋ ಎಂದು ತೀರ್ಮಾನಿಸುತ್ತಾರೆ. ಕೆಳಗಿನ ಬೀದಿಯವರ ಮನೆಗೆ ನೀರು ನುಗ್ಗುತ್ತದೋ ಇಲ್ಲವೋ ಅನ್ನುವುದು ಅರ್ಧ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಅದಕ್ಕೊಂದು ಅಭ್ಯಾಸ: ಮುಂದಿನ ಮಳೆಗೆ ಕ್ಯಾಂಪಸ್ಸಿನಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಕಾಗದದ ಮೇಲೆ ಬಾಣ ಹಾಕಿ. ಕಾಂಕ್ರೀಟ್ ಎಷ್ಟು, ಮಣ್ಣು ಎಷ್ಟು ಅಳೆಯಿರಿ. ಮೇಲಿನ ಸೂತ್ರದಲ್ಲಿ ಹಾಕಿ ಹರಿವು ಕಂಡುಹಿಡಿಯಿರಿ. ಆಮೇಲೆ, ಆ ನೀರು ಒಂದು ಗಂಟೆ ತಂಗಲು ಎಲ್ಲಿ ಜಾಗ ಕೊಡಬಹುದು ಎಂದು ಹುಡುಕಿ. ಗಿಡ ಯಾವುದು, ಬೆಂಚು ಎಲ್ಲಿ ಅನ್ನುವುದನ್ನು ಅದಾದ ಮೇಲೆ ನೋಡಿಕೊಂಡರಾಯಿತು.