ಹುಚ್ಚುನಾಯಿಯ ರೋಗವನ್ನು ಗುರುತಿಸುವ ವಿಷಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ನಾಯಿಯಾಗಲಿ ಬೆಕ್ಕಾಗಲಿ ಇಲ್ಲದ ಮನೆ ವಿರಳ. ತೋಟವನ್ನು ಕಾಯುವದಕ್ಕೆ ನಾಯಿ ಬೇಕು. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗುವ ಕೊಬ್ಬರಿಗೆ ಇಲಿ ಮುಟ್ಟದಂತೆ ಬೆಕ್ಕು ಬೇಕು. ಆದಕಾರಣ ಇವುಗಳ ರೋಗಗಳನ್ನು ಕುರಿತು ಸ್ವಲ್ಪ ತಿಳಿದಿರುವದು ಅವಶ್ಯ.

ಹುಚ್ಚುನಾಯಿ ಎಂದೊಡನೆ ಜೊಲ್ಲು ಸುರಿಸುತ್ತಾ ಕಂಡವರನ್ನೆಲ್ಲಾ ಕಚ್ಚುತ್ತಾ ಓಡುವ ನಾಯಿಯನ್ನೇ ನಾವು ನೆನಸುತ್ತೇವೆ. ಅದು ರೋಗದ ಒಂದು ರೂಪ ಮಾತ್ರ. ಮೂಕವಾದ ಇನ್ನೊಂದು ರೂಪವುಂಟು. ಅದೇ ಹೆಚ್ಚು ಮೋಸಕರವಾದದ್ದು. ನಾಯಿಯು ಅನ್ನ ಬಿಟ್ಟು ಕತ್ತಲೆಯ ಮೂಲೆ ಸೇರುತ್ತದೆ, ಬೊಗಳುವ ಸ್ವರವು ಬದಲಾಗುತ್ತದೆ, ಕೆಳದವಡೆ ಜೋತುಬೀಳುತ್ತದೆ, ನೀರನ್ನು ಸಹ ನುಂಗಲಾರದು. ಗಂಟಲಲ್ಲಿ ಮೂಳೆ ಸಿಕ್ಕಿರಬಹುದೆಂದು ಯಜಮಾನನು ಕನಿಕರದಿಂದ ಬಾಯೊಳಗೆ ಕೈಹಾಕುತ್ತಾನೆ. ರೋಗದ ವಿಷವಿರುವದು ಆ ಜೊಲ್ಲಿನಲ್ಲಿಯೇ. ತರಚಿದ ಚರ್ಮವು ಅದಕ್ಕೆ ಬಾಗಿಲು. ಕಾಯಿ ಸುಲಿಯುವವರ ಕೈ ತರಚಿಲ್ಲದೆ ಇರುವದುಂಟೇ? ಬೆಕ್ಕಾದರೋ ಅಟ್ಟದಲ್ಲಿ ಅಡಗಿದ್ದು, ಫಕ್ಕನೆ ಮೇಲೆರಗಿ ಕಚ್ಚಿ ಪರಚುತ್ತದೆ.

ಕಣ್ಣು ಮೂಗು ಸುರಿದು ಕಡೆಗೆ ಸೆಳವು ಬರುವ ಡಿಸ್ಟೆಂಪರ್, ಮರಿಗಳಿಗೆ ವಾಂತಿಯೂ ರಕ್ತಭೇದಿಯೂ ಆಗುವ ಪಾರ್ವೋ, ಇವು ಬೇರೆ ಜಾಡ್ಯಗಳು, ಮನುಷ್ಯರಿಗೆ ಅಂಟವು. ಆದರೆ ಯಾವದು ಯಾವದೆಂದು ತೀರ್ಮಾನಿಸುವದು ಪಶುವೈದ್ಯರ ಕೆಲಸವೇ ಹೊರತು ನೆರೆಯವರದಲ್ಲ.

ಕಚ್ಚಿದ ಗಾಯಕ್ಕೆ ಸುಣ್ಣವನ್ನೂ ಮೆಣಸಿನಪುಡಿಯನ್ನೂ ಹಚ್ಚುವ ಪದ್ಧತಿ ಕೇವಲ ಕೆಟ್ಟದ್ದು. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆಯಿರಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿರಿ. ರಕ್ತ ಬಂದಿದ್ದರೆ ಗಾಯದೊಳಕ್ಕೇ ಹಾಕುವ ಮತ್ತೊಂದು ಔಷಧವೂ ಬೇಕಾಗುವದು. “ನಾಯಿಯನ್ನು ಹತ್ತು ದಿವಸ ನೋಡೋಣ” ಎನ್ನುವವರುಂಟು. ನೋಡಬೇಕಾದದ್ದು ಸರಿಯೇ, ಆದರೆ ಸೂಜಿ ಹಾಕಿಸಿಕೊಂಡು ನೋಡತಕ್ಕದ್ದು. ರೋಗವು ವಾರಗಳು, ಕೆಲವು ಸಾರಿ ತಿಂಗಳುಗಳು ಅಡಗಿದ್ದು ಹೊರಟೀತು. ಹೊರಟ ಮೇಲೆ ಬದುಕಿದವರು ಅತಿ ವಿರಳ.

ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂದು ಹಿರಿಯರು ಈಗಲೂ ಹೆದರುವದುಂಟು. ಅವರ ಮಾತು ಸುಳ್ಳಲ್ಲ. ೧೯೦೭ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಸ್ಥಾಪಿತವಾಯಿತು. ಕುರಿಯ ಮಿದುಳಿನಿಂದ ಮಾಡಿದ ಆ ಹಳೆಯ ಔಷಧವನ್ನು ಬಹುಕಾಲ ಹೊಟ್ಟೆಗೇ ಹಾಕುತ್ತಿದ್ದರು. ನಮ್ಮ ದೇಶದಲ್ಲಿ ಅದು ಸುಮಾರು ೨೦೦೫ರೊಳಗೆ ನಿಂತುಹೋಯಿತು. ಈಗ ತೋಳಿಗೆ ನಾಲ್ಕೈದು ದಿನದ ಸೂಜಿಗಳು ಸಾಕು, ಒಂದನ್ನೂ ತಪ್ಪಿಸಬಾರದು.

ಮರಿಗೆ ಮೂರು ತಿಂಗಳಾದಾಗ ಮೊದಲನೆಯ ಸೂಜಿ ಹಾಕಿಸಿ, ವೈದ್ಯರು ಹೇಳಿದ ದಿನ ಮತ್ತೊಂದು, ಆಮೇಲೆ ವರುಷಕ್ಕೊಂದು ಹಾಕಿಸಬೇಕು. ಬೆಕ್ಕಿಗೂ ಹೀಗೆಯೇ.

ಮಕ್ಕಳು ಪೆಟ್ಟಿಗೆ ಹೆದರಿ ಕಚ್ಚಿದ್ದನ್ನು ಬಚ್ಚಿಡುತ್ತಾರೆ. ಸಾಯಂಕಾಲ ಕೈಕಾಲು ತೊಳೆಸುವಾಗ ನೋಡಿರಿ, ಗದರಿಸದೆ ಕೇಳಿರಿ.